ಆಫ್ ಮಾಡಿ, ಆನ್ ಮಾಡಿ ಸಾರ್!

ವೀಕ್ಷಕರೇ, ಮನೆಯ ಇಂಟರ್ನೆಟ್ ಕೈಕೊಟ್ಟಾಗ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ತಲೆ ಚಚ್ಚಿಕೊಳ್ಳದವರು ನಮ್ಮಲ್ಲಿ ಯಾರಿದ್ದೀರಿ? ಕನ್ನಡಕ್ಕೆ ಎರಡು ಒತ್ತಿ, ದೂರಿಗೆ ಮೂರು ಒತ್ತಿ, ಹತ್ತು ನಿಮಿಷ ಸಂಗೀತ ಕೇಳಿ. ಆಮೇಲೆ ಒಂದು ಧ್ವನಿ: "ರೂಟರ್ ಆಫ್ ಮಾಡಿ, ಆನ್ ಮಾಡಿ ಸಾರ್."

ಮೊನ್ನೆ ನಮ್ಮ ಬೀದಿಯಲ್ಲೂ ಇದೇ ಆಯ್ತು. ಪಕ್ಕದ ಮನೆಯ ಹುಡುಗಿಗೆ ಸಿಇಟಿ ಆಪ್ಷನ್ ಎಂಟ್ರಿಗೆ ಅವತ್ತೇ ಕೊನೆಯ ದಿನ. ಫೈಬರ್ ಡಬ್ಬಿಯಲ್ಲಿ 'ಎಲ್ಒಎಸ್' ಅನ್ನೋ ಕಡೆ ಕೆಂಪು ದೀಪ. ಆ ದೀಪದ ಅರ್ಥ ಸರಳ. ಗಾಜಿನ ಎಳೆಯಲ್ಲಿ ಬರಬೇಕಾದ ಬೆಳಕು ಮನೆಯವರೆಗೆ ಬರುತ್ತಿಲ್ಲ. ಕೇಬಲ್ ಎಲ್ಲೋ ತುಂಡಾಗಿರಬೇಕು, ಮಡಚಿಕೊಂಡಿರಬೇಕು, ಇಲ್ಲವೇ ಜಾಯಿಂಟ್ ಬಿಟ್ಟಿರಬೇಕು. ಯಾರಾದರೂ ಬಂದು ಕೇಬಲ್ ನೋಡಬೇಕು, ಸ್ವಿಚ್ ಒತ್ತಿದರೆ ಸರಿಹೋಗೋದಲ್ಲ. ಹುಡುಗಿಯ ಅಪ್ಪ ಇದನ್ನೇ ನಾಲ್ಕು ಸಲ ಹೇಳಿದರು. ನಾಲ್ಕು ಸಲವೂ ಅದೇ ಉತ್ತರ, "ಆಫ್ ಮಾಡಿ, ಆನ್ ಮಾಡಿ." ಕೊನೆಗೆ ಆ ಮಗು ರಾತ್ರಿ ಸೈಬರ್ ಸೆಂಟರ್‌ಗೆ ಓಡಬೇಕಾಯ್ತು.

ಗೊತ್ತಿರೋರು ಫೋನ್ ಎತ್ತಲ್ಲ, ಫೋನ್ ಎತ್ತೋರಿಗೆ ಗೊತ್ತಿಲ್ಲ. ಈ ಸ್ಥಿತಿ ಒಂದೇ ದಿನದಲ್ಲಿ ಬಂದದ್ದಲ್ಲ. ಇದಕ್ಕೊಂದು ಇತಿಹಾಸ ಇದೆ.

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬೆಂಗಳೂರಿನಲ್ಲಿ ಐಟಿಐ ಶುರುವಾಯಿತು. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ದೂರವಾಣಿನಗರ ಅನ್ನೋ ಹೆಸರೇ ಅಲ್ಲಿಂದ ಬಂದದ್ದು. ಫೋನ್ ತಯಾರಾಗುತ್ತಿದ್ದದ್ದು ನಮ್ಮ ಊರಲ್ಲೇ, ಆದರೆ ನಮ್ಮ ಮನೆಗೆ ಫೋನ್ ಬರಬೇಕಾದರೆ ವರ್ಷಗಟ್ಟಲೆ ಕಾಯಬೇಕು! ಅರ್ಜಿ ಹಾಕಿದ ಮಗ ಅಪ್ಪನಾಗುವ ಹೊತ್ತಿಗೆ ಫೋನ್ ಬರುತ್ತೆ ಅಂತ ಜನ ತಮಾಷೆ ಮಾಡುತ್ತಿದ್ದರು. 1980ರ ದಶಕದ ಆರಂಭದಲ್ಲಿ ಕೇಂದ್ರ ಸಂಪರ್ಕ ಸಚಿವರಾಗಿದ್ದವರು ಸಿ.ಎಂ. ಸ್ಟೀಫನ್. ನಮ್ಮ ಗುಲ್ಬರ್ಗದಿಂದಲೇ ಲೋಕಸಭೆಗೆ ಹೋದವರು. ಫೋನ್ ಸರಿಯಿಲ್ಲ ಅನ್ನೋ ದೂರುಗಳಿಗೆ ಅವರು ಕೊಟ್ಟ ಉತ್ತರ ಇಂದಿಗೂ ಉಲ್ಲೇಖವಾಗುತ್ತೆ. ಫೋನ್ ಅನ್ನೋದು ಹಕ್ಕಲ್ಲ, ಐಷಾರಾಮ. ಬೇಡವಾದರೆ ವಾಪಸ್ ಕೊಡಿ, ಕಾಯುತ್ತಿರುವವರು ಬಹಳ ಜನ ಇದ್ದಾರೆ ಅನ್ನೋ ಧಾಟಿಯ ಉತ್ತರ ಅದು.

ಆದರೆ ಅದೇ ಕಾಲದಲ್ಲಿ ಒಬ್ಬ ಮನುಷ್ಯ ಇದ್ದ. ಲೈನ್‌ಮನ್. ಸೈಕಲ್ ಮೇಲೆ ಬರುತ್ತಿದ್ದ, ಹೆಗಲಲ್ಲಿ ವೈರಿನ ಸುರುಳಿ. ಯಾವ ಕಂಬದಿಂದ ಯಾರ ಮನೆಗೆ ಲೈನ್ ಹೋಗಿದೆ, ಯಾವ ಜಾಯಿಂಟ್‌ನಲ್ಲಿ ಮಳೆನೀರು ಇಳಿಯುತ್ತೆ, ಎಲ್ಲವೂ ಅವನ ತಲೆಯಲ್ಲಿ. ಅವನನ್ನು ದೇವರು ಮಾಡಬೇಕಿಲ್ಲ. ಹಬ್ಬಕ್ಕೆ ಮಾಮೂಲು ಕೊಡದಿದ್ದರೆ ಲೈನ್ ಸತ್ತೇ ಇರುತ್ತಿದ್ದ ಕಥೆಗಳೂ ನಮಗೆ ಗೊತ್ತು. ಆದರೆ ಬಂದನೆಂದರೆ ಕೆಲಸ ಗೊತ್ತಿತ್ತು. ಅಂದರೆ ಆಗ ನಮಗೆ ಬಲ್ಲ ಮನುಷ್ಯ ಇದ್ದ, ಅವನನ್ನು ಕೇಳುವ ಹಕ್ಕು ಇರಲಿಲ್ಲ.

1995ರ ಆಗಸ್ಟ್ 15ರಂದು ವಿಎಸ್ಎನ್ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆಯಿತು. ಫೋನ್ ಲೈನ್ ಮೂಲಕ ಡಯಲ್ ಮಾಡಬೇಕು, ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಕನೆಕ್ಟ್ ಆಗೋದೇ ಕಷ್ಟ, ಆದರೂ ಮಧ್ಯದಲ್ಲಿ ಕಟ್. ಸಂಸ್ಥೆಯ ಮುಖ್ಯಸ್ಥರಾಗಿದ್ದ ಬಿ.ಕೆ. ಸಿಂಗಲ್ ಶುರುವಿನಲ್ಲಿ ತಪ್ಪಾಯಿತು ಅಂತ ಬಹಿರಂಗವಾಗಿ ಒಪ್ಪಿಕೊಂಡರು. ಹಾಗೆ ಒಪ್ಪಿಕೊಳ್ಳೋದು ಇವತ್ತು ಎಷ್ಟು ಅಪರೂಪ ನೋಡಿ. 1998ರಲ್ಲಿ ಈ ಕ್ಷೇತ್ರ ಖಾಸಗಿಯವರಿಗೂ ತೆರೆಯಿತು.

ಇನ್ನು ಕಥೆಯ ವಿಚಿತ್ರ ತಿರುವು. ಹೊಸ ಶತಮಾನದ ಆರಂಭದಲ್ಲಿ ಅಮೆರಿಕದವರ ಕಂಪ್ಯೂಟರ್ ಕೆಟ್ಟರೆ ಉತ್ತರ ಹೇಳುತ್ತಿದ್ದವರು ಬೆಂಗಳೂರಿನ ಹುಡುಗ ಹುಡುಗಿಯರು. ಎದುರಿಗಿನ ಪರದೆಯಲ್ಲಿ ಬರೆದಿಟ್ಟ ಪ್ರಶ್ನೋತ್ತರ, ಅದೇ ಸ್ಕ್ರಿಪ್ಟ್. ಅದನ್ನು ದಾಟಿ ಮಾತಾಡುವ ಹಾಗಿಲ್ಲ. 2003ರ ನವೆಂಬರ್‌ನಲ್ಲಿ ಡೆಲ್ ಕಂಪನಿ ತನ್ನ ಕಾರ್ಪೊರೇಟ್ ಗ್ರಾಹಕರ ಕರೆಗಳನ್ನು ಬೆಂಗಳೂರಿನಿಂದ ವಾಪಸ್ ಅಮೆರಿಕಕ್ಕೆ ಒಯ್ದಿತು. ಉಚ್ಚಾರಣೆ ಅರ್ಥವಾಗಲ್ಲ, ಬರೀ ಸ್ಕ್ರಿಪ್ಟ್ ಓದುತ್ತಾರೆ ಅನ್ನೋದು ಗ್ರಾಹಕರ ದೂರಾಗಿತ್ತು. ಗಮನಿಸಿ, ವಾಪಸ್ ಹೋದದ್ದು ದೊಡ್ಡ ಕಂಪನಿಗಳ ಕರೆ. ಮನೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡವನ ಕರೆ ವಾಪಸ್ ಹೋಗಲಿಲ್ಲ. ತಪ್ಪು ಫೋನ್ ಎತ್ತಿದ ನಮ್ಮ ಮಕ್ಕಳದಲ್ಲ ಸ್ವಾಮಿ, ಅವರ ಬಾಯಿಗೆ ಸ್ಕ್ರಿಪ್ಟ್ ಕಟ್ಟಿದವರದ್ದು. ಬಿಟ್ಟು ಹೋಗುವ ಶಕ್ತಿ ಇರುವ ಗಿರಾಕಿಗೆ ಬಲ್ಲವರು ಸಿಗುತ್ತಾರೆ, ಉಳಿದವರಿಗೆ ಸ್ಕ್ರಿಪ್ಟ್ ಸಿಗುತ್ತೆ.

2004ರ ಬ್ರಾಡ್‌ಬ್ಯಾಂಡ್ ನೀತಿ 256 ಕಿಲೋಬಿಟ್ ವೇಗವನ್ನು ಬ್ರಾಡ್‌ಬ್ಯಾಂಡ್ ಅಂತ ಕರೆಯಿತು. 2006ರಲ್ಲಿ ಟ್ರಾಯ್ ನಿಯಮ ತಂದಿತು. ಆ ನಿಯಮದ ಪ್ರಕಾರ ಬ್ರಾಡ್‌ಬ್ಯಾಂಡ್ ದೂರುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮರುದಿನದ ಕೆಲಸದ ವೇಳೆಯೊಳಗೆ ಸರಿಯಾಗಬೇಕಿತ್ತು. ಮೂರು ಕೆಲಸದ ದಿನ ದಾಟಿದರೆ ಗ್ರಾಹಕನಿಗೆ ಬಾಡಿಗೆಯಲ್ಲಿ ರಿಯಾಯಿತಿ ಕೊಡಬೇಕಿತ್ತು. ಎಷ್ಟು ಜನ ಆ ರಿಯಾಯಿತಿ ಕೇಳಿದ್ದೀರಿ? ಎಷ್ಟು ಜನರಿಗೆ ಇಂಥದ್ದೊಂದು ಇದೆ ಅಂತಲಾದರೂ ಗೊತ್ತಿತ್ತು?

ಅಷ್ಟರಲ್ಲಿ ಬಾಗಿಲೊಂದು ಮುಚ್ಚಿತು. ಕೋಯಿಕ್ಕೋಡ್‌ನ ಗ್ರಾಹಕ ವೇದಿಕೆಯೊಂದು ದೂರವಾಣಿ ಗ್ರಾಹಕರೊಬ್ಬರಿಗೆ 5,000 ರೂಪಾಯಿ ಪರಿಹಾರ ಕೊಡಿಸಿತ್ತು. ಆ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2009ರ ಸೆಪ್ಟೆಂಬರ್‌ನಲ್ಲಿ ಕೋರ್ಟ್ ಹೇಳಿದ್ದು: 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿ ಮಧ್ಯಸ್ಥಿಕೆಯ ದಾರಿ ಇದೆ, ಗ್ರಾಹಕ ವೇದಿಕೆ ಇದನ್ನು ವಿಚಾರಿಸುವ ಹಾಗಿಲ್ಲ. ಬ್ರಿಟಿಷರು ತಂದ ತಂತಿ ಕಾಯ್ದೆ, ಸಿಕ್ಕಿಹಾಕಿಕೊಂಡವನು ಇಂಟರ್ನೆಟ್ ಗ್ರಾಹಕ! 2012ರ ಟ್ರಾಯ್ ನಿಯಮದಲ್ಲಿ ದೂರಿಗೆ ಡಾಕೆಟ್ ನಂಬರ್, ಅದರ ಮೇಲೆ ಕಂಪನಿಯೊಳಗೇ ಮೇಲ್ಮನವಿ ಬಂತು. ಆದರೆ ಹೊರಗಿನ ನ್ಯಾಯದ ಬಾಗಿಲು ತೆರೆಯಲು 2022ರ ಫೆಬ್ರವರಿ ಬರಬೇಕಾಯಿತು. ಮೊಬೈಲ್ ಬಿಲ್‌ನ ಪ್ರಕರಣವೊಂದರಲ್ಲಿ, ಟೆಲಿಕಾಂ ದೂರುಗಳನ್ನು ಗ್ರಾಹಕ ವೇದಿಕೆಗಳು ವಿಚಾರಿಸಬಹುದು ಅಂತ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಆ ಬಾಗಿಲ ಮುಂದೆ ನಾವು ನಿಂತಿದ್ದೆವು.

ಈ ನಡುವೆ ಲೈನ್‌ಮನ್ ಎಲ್ಲಿ ಹೋದ? 2020ರ ಜನವರಿ 31ಕ್ಕೆ ಬಿಎಸ್ಎನ್ಎಲ್‌ನಿಂದ ಸುಮಾರು 78 ಸಾವಿರ ಜನ ಸ್ವಯಂ ನಿವೃತ್ತಿ ತೆಗೆದುಕೊಂಡು ಹೊರಬಂದರು. ಲೆಕ್ಕದಲ್ಲಿ ಅದು ಸಂಬಳದ ಉಳಿತಾಯ. ಆದರೆ ಯಾವ ಕೇಬಲ್ ಎಲ್ಲಿ ಹೂತಿದೆ ಅನ್ನೋ ತಿಳಿವಳಿಕೆ ಕೂಡ ಅವರ ಜೊತೆ ಮನೆಗೆ ಹೋಯಿತು. ಎರಡೇ ತಿಂಗಳಿಗೆ ಲಾಕ್‌ಡೌನ್ ಬಂತು, ಮನೆಯೇ ಶಾಲೆ, ಮನೆಯೇ ಆಫೀಸು.

ಹಾಗಾಗಿ ವೀಕ್ಷಕರೇ, ಇತಿಹಾಸ ಹೇಳೋದು ಇಷ್ಟೇ. ಲೈನ್‌ಮನ್ ಇದ್ದಾಗ ಹಕ್ಕಿರಲಿಲ್ಲ. ಈಗ ಹಕ್ಕಿದೆ, ಲೈನ್‌ಮನ್ ಇಲ್ಲ. ಹೋದವನನ್ನು ವಾಪಸ್ ತರೋಕೆ ನಮಗಾಗಲ್ಲ. ಆದರೆ ಇರುವ ಹಕ್ಕು ಬಳಸಿದರೆ ಕೆಲಸ ಬಲ್ಲವರನ್ನು ಇಟ್ಟುಕೊಳ್ಳೋದೇ ಅಗ್ಗ ಅಂತ ಕಂಪನಿಗಳಿಗೆ ಅರ್ಥವಾಗುತ್ತೆ. ಮುಂದಿನ ಸಲ ಕೆಂಪು ದೀಪ ಉರಿದಾಗ ಕೂಗಾಡಬೇಡಿ, ಆ ಮಕ್ಕಳನ್ನು ಬೈಯಬೇಡಿ. ಡಾಕೆಟ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ, ದೀಪದ ಫೋಟೊ ತೆಗೆಯಿರಿ. ಆಗದಿದ್ದರೆ ಮೇಲ್ಮನವಿ ಹಾಕಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ, ಐದು ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಅರ್ಜಿ ಶುಲ್ಕವೇ ಇಲ್ಲ.

ಬೇಡವಾದರೆ ವಾಪಸ್ ಕೊಡಿ ಅಂತ ಒಂದು ಕಾಲದಲ್ಲಿ ನಮಗೆ ಹೇಳಿದ್ದರು. ಈಗ ನಾವು ಹೇಳಬೇಕು: ಆಗದಿದ್ದರೆ ನಮ್ಮ ದುಡ್ಡು ವಾಪಸ್ ಕೊಡಿ.