ನೂರಮೂವತ್ತು ಜನ, ಎರಡು ಕಾಗದ

2008ರ ದೀಪಾವಳಿಗೆ ಮುಂಬಯಿಯಿಂದ ಮದ್ದೂರಿಗೆ ಹೋಗಿದ್ದಾಗ ಅಕ್ಕ ಮನೆಯಲ್ಲೇ ಇದ್ದಳು. ಹಬ್ಬಕ್ಕೆ ಬಂದವಳಲ್ಲ, ಕೆಲಸ ಬಿಟ್ಟುಹೋಗಿ ಬಂದವಳು. ಬೆಂಗಳೂರಿನ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ಹದಿನಾಲ್ಕು ವರ್ಷ ಅಂಗಿಗೆ ಕಾಲರ್ ಕೂರಿಸಿದವಳು. ಆ ವರ್ಷ ಅವರ ಎರಡು ಲೈನ್ ಮುಚ್ಚಿದರು. ಆರ್ಡರು ಢಾಕಾಕ್ಕೆ ಹೋಯಿತು ಎಂದು ಸೂಪರ್‌ವೈಸರ್ ಹೇಳಿದನಂತೆ.

ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕೂತಿದ್ದಾಗ ಕೇಳಿದಳು: "ನೀನು ಬ್ಯಾಂಕಲ್ಲಿ ಎಕ್ಸ್‌ಪೋರ್ಟ್ ಕಾಗದಾನೇ ನೋಡೋದು ಅಂತೀಯಲ್ಲ, ಹೇಳು ನೋಡೋಣ. ಆ ಢಾಕಾದ ಹೆಣ್ಮಕ್ಳು ನಮ್ಗಿಂತ ಬಿರ್ರನೆ ಹೊಲೀತಾರಾ?"

"ಅಲ್ಲಿ ಕೂಲಿ ಕಮ್ಮಿ ಕಣಕ್ಕ" ಅಂದೆ.

"ನಮ್ಗೇನು ಭಾರಿ ಕೊಡ್ತಿದ್ರಾ?" ಅಂದಳು. ಅಲ್ಲಿಗೆ ಮಾತು ಮುಗಿಯಿತು.

ಮುಂಬಯಿಗೆ ವಾಪಸು ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ನನ್ನ ಆಫೀಸು ಆಗ ಲೋವರ್ ಪರೇಲಿನಲ್ಲಿತ್ತು. ಕಿಟಕಿಯಿಂದ ನೋಡಿದರೆ ಗಿರಣಿಯೊಂದರ ಚಿಮಣಿ, ಅದರ ಬುಡದಲ್ಲಿ ಮಾಲ್. 1854ರಿಂದ ಬಟ್ಟೆ ಗಿರಣಿಗಳ ಕನಸು ಕಂಡ ಊರು ಇದು. ಹತ್ತಿ ನಮ್ಮದು, ನೂಲು ನಮ್ಮದು, ಮಗ್ಗ ನಮ್ಮದು. ಹತ್ತಿಯನ್ನು ಹೆಚ್ಚೇನೂ ಬೆಳೆಯದ, 1971ರಲ್ಲಿ ಯುದ್ಧದಿಂದ ನುಜ್ಜುಗುಜ್ಜಾಗಿ ಹುಟ್ಟಿದ ದೇಶವೊಂದು ಜಗತ್ತಿಗೆ ಅಂಗಿ ತೊಡಿಸುವುದರಲ್ಲಿ ನಮ್ಮನ್ನು ಹಿಂದೆ ಹಾಕಿದ್ದು ಹೇಗೆ? ಇಂದು ಬಾಂಗ್ಲಾದೇಶದ ಸಿದ್ಧ ಉಡುಪಿನ ರಫ್ತು ನಮ್ಮದರ ಎರಡು ಪಟ್ಟಿಗಿಂತಲೂ ಹೆಚ್ಚು.

ಕೂಲಿ ಕಮ್ಮಿ ಎನ್ನುವುದು ಸುಳ್ಳಲ್ಲ, ಆದರೆ ಅದು ಉತ್ತರವೂ ಅಲ್ಲ. ಬಡತನದಿಂದಲೇ ರಫ್ತು ಹುಟ್ಟುವುದಾದರೆ ಅತಿ ಬಡ ದೇಶವೇ ಅತಿ ದೊಡ್ಡ ರಫ್ತುದಾರ ಆಗಬೇಕಿತ್ತು. 1971ರಲ್ಲೂ ಬಾಂಗ್ಲಾದಲ್ಲಿ ಕೂಲಿ ಕಮ್ಮಿಯೇ ಇತ್ತು. ಆಗ ಅವರು ಹೊರಗೆ ಮಾರುತ್ತಿದ್ದುದರಲ್ಲಿ ಸಿಂಹಪಾಲು ಸೆಣಬು ಮತ್ತು ಗೋಣಿ. ಪ್ಲಾಸ್ಟಿಕ್ ಬಂದು ಗೋಣಿಯ ಕಾಲ ಮುಗಿಯುತ್ತಿತ್ತು.

ಕಥೆ ಶುರುವಾಗುವುದು ಕೊರಿಯಾದ ಸಂಕಟದಿಂದ. ದಕ್ಷಿಣ ಕೊರಿಯಾ 1964ರಲ್ಲಿ ಹತ್ತು ಕೋಟಿ ಡಾಲರ್ ರಫ್ತು ಮುಟ್ಟಿದ್ದಕ್ಕೆ ಹಬ್ಬ ಮಾಡಿತ್ತು. 1977ಕ್ಕೆ ಅದು ಸಾವಿರ ಕೋಟಿ ಡಾಲರ್. ಅಷ್ಟರಲ್ಲಿ ಶ್ರೀಮಂತ ದೇಶಗಳು ಗಾಬರಿಬಿದ್ದು 1974ರಲ್ಲಿ ಬಹುತಂತು ಒಪ್ಪಂದ ಎನ್ನುವುದನ್ನು ಮಾಡಿಕೊಂಡಿದ್ದವು. ಯಾವ ದೇಶ ಎಷ್ಟು ಬಟ್ಟೆ, ಎಷ್ಟು ಅಂಗಿ ಕಳಿಸಬಹುದು ಎಂಬುದಕ್ಕೆ ಕೋಟಾ. ಕೊರಿಯಾದ ಕೋಟಾ ತುಂಬಿಹೋಗಿತ್ತು. ಬಾಂಗ್ಲಾಕ್ಕೆ ಕೋಟಾದ ಕಟ್ಟೇ ಇರಲಿಲ್ಲ; ಅಂಗಿಯನ್ನೇ ಕಳಿಸದವರಿಗೆ ಕಟ್ಟು ಹಾಕುವುದು ಯಾಕೆ? ಕೊರಿಯಾದ ದೇವೂ ಕಂಪನಿ ಹಾಗೆ ಕೋಟಾ ಇಲ್ಲದ ನೆಲ ಹುಡುಕುತ್ತಾ ಬಂತು. ಯಾರೋ ಒಬ್ಬರಿಗೆ ಹಾಕಿದ ಬೇಲಿ ಇನ್ನೊಬ್ಬರಿಗೆ ಬಾಗಿಲಾಯಿತು. ಅರ್ಥಶಾಸ್ತ್ರದ ಪಠ್ಯದಲ್ಲಿ ಇಂಥ ಅದೃಷ್ಟಕ್ಕೆ ಒಂದು ಅಧ್ಯಾಯ ಇಡಬೇಕು ಎಂದು ನನಗೆ ಅನ್ನಿಸುತ್ತದೆ.

ಅವರಿಗೆ ಅಲ್ಲಿ ಸಿಕ್ಕವರು ನೂರುಲ್ ಖಾದರ್. ವ್ಯಾಪಾರದ ಮನೆತನದವರಲ್ಲ, ಸರ್ಕಾರಿ ಅಧಿಕಾರಿ. 1971ರಲ್ಲಿ ಪಾಬ್ನಾದ ಜಿಲ್ಲಾಧಿಕಾರಿಯಾಗಿದ್ದು ವಿಮೋಚನೆಯ ಹೋರಾಟಕ್ಕೆ ಇಳಿದವರು. ಚಿತ್ತಗಾಂಗಿನಲ್ಲಿ ದೇಶ್ ಗಾರ್ಮೆಂಟ್ಸ್ ಕಟ್ಟಲು ಹೊರಟಿದ್ದರು. 1978ರ ಜುಲೈನಲ್ಲಿ ಇಬ್ಬರಿಗೂ ಒಪ್ಪಂದವಾಯಿತು. ದೇವೂ ಬಂಡವಾಳ ಹಾಕಲಿಲ್ಲ. ಕೆಲಸ ಕಲಿಸುವುದು, ಮಾರಿಕೊಡುವುದು ಅವರ ಪಾಲು. ಪ್ರತಿಯಾಗಿ ಮಾರಾಟದ ಶೇ. 8.

ಮುಂದಿನ ವರ್ಷ ನೂರಮೂವತ್ತು ಜನ ಬಾಂಗ್ಲಾದೇಶೀಯರು ಕೊರಿಯಾದ ಪೂಸಾನ್ ಬಂದರಿಗೆ ಹೋದರು. ಅವರಲ್ಲಿ ಹೆಂಗಸರೂ ಇದ್ದರು. ಆರು ತಿಂಗಳು ದೇವೂ ಕಾರ್ಖಾನೆಯಲ್ಲಿ ಕೂತು ಕಲಿತರು. ಮಿಷನ್ ತುಳಿಯುವುದಷ್ಟೇ ಆಗಿದ್ದರೆ ಅದಕ್ಕೆ ಆರು ತಿಂಗಳು ಬೇಡ. ಒಂದು ಅಂಗಿಯನ್ನು ಎಷ್ಟು ಕೆಲಸಗಳಾಗಿ ಒಡೆಯಬೇಕು, ಕಫ್ ಮಾಡುವವಳ ಪಕ್ಕ ಯಾರು ಕೂರಬೇಕು, ಎಲ್ಲಿ ಪೀಸು ರಾಶಿ ಬಿದ್ದರೆ ಲೈನ್ ನಿಲ್ಲುತ್ತದೆ, ಹಡಗು ಹೊರಡುವ ದಿನದಿಂದ ಹಿಂದಕ್ಕೆ ಎಣಿಸಿ ಬಟ್ಟೆ ಕತ್ತರಿಸುವ ದಿನವನ್ನು ಹೇಗೆ ಗೊತ್ತುಮಾಡಬೇಕು - ಇವೆಲ್ಲ ಯಾವ ಪುಸ್ತಕದಲ್ಲೂ ಇರುವಂಥದ್ದಲ್ಲ. ನೋಡಿ, ಮಾಡಿ, ಬೈಸಿಕೊಂಡು ಕಲಿಯುವಂಥದ್ದು.

1980ರ ಏಪ್ರಿಲ್‌ನಲ್ಲಿ ದೇಶ್ ಕೆಲಸ ಶುರುಮಾಡಿತು. ಮೊದಲ ವರ್ಷ ಹೊಲಿದದ್ದು 43 ಸಾವಿರ ಅಂಗಿ, ಬಂದದ್ದು ಸುಮಾರು 55 ಸಾವಿರ ಡಾಲರ್. ನಗಬಹುದಾದ ಮೊತ್ತ. 1987ರಲ್ಲಿ ಅದೇ ಕಾರ್ಖಾನೆ 23 ಲಕ್ಷ ಅಂಗಿ ಹೊಲಿಯಿತು. ಅಷ್ಟರಲ್ಲಿ, 1981ರಲ್ಲೇ, ಖಾದರ್ ದೇವೂ ಜೊತೆಗಿನ ಒಪ್ಪಂದವನ್ನು ಕಡಿದುಕೊಂಡಿದ್ದರು. ಕಲಿಯಬೇಕಾದ್ದು ಕಲಿತಾಗಿತ್ತು.

ಕಲಿತವರೆಲ್ಲ ದೇಶ್‌ನಲ್ಲಿ ಉಳಿಯಲಿಲ್ಲ. ಪೂಸಾನಿಗೆ ಹೋಗಿಬಂದ ನೂರಮೂವತ್ತರಲ್ಲಿ ನೂರಹದಿನೈದು ಜನ ಎಂಬತ್ತರ ದಶಕದಲ್ಲಿ ದೇಶ್ ಬಿಟ್ಟರು. ಕೆಲವರು ಸ್ವಂತ ಕಾರ್ಖಾನೆ ಹಾಕಿದರು, ಕೆಲವರು ಹೆಚ್ಚಿನ ಸಂಬಳಕ್ಕೆ ಬೇರೆ ಕಡೆ ಸೇರಿದರು. ಖಾದರ್ ಅವರಿಗೆ ಇದು ನಷ್ಟ. ದೇಶಕ್ಕೆ ಇದೇ ಬಿತ್ತನೆ. 1985ರ ಹೊತ್ತಿಗೆ ಏಳುನೂರರ ಆಸುಪಾಸು ಗಾರ್ಮೆಂಟ್ಸ್‌ಗಳು ಎದ್ದಿದ್ದವು, ಅಮೆರಿಕಾ ಬಾಂಗ್ಲಾದ ಮೇಲೂ ಕೋಟಾ ಹೇರುವಷ್ಟು. ಆ ವರ್ಷವೇ ಬಾಂಗ್ಲಾ ನಿಜವಾಗಿ ಗೆದ್ದದ್ದು ಎಂದು ನಾನು ಲೆಕ್ಕ ಹಾಕುತ್ತೇನೆ.

ಇನ್ನು ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಬೇಸರದ ವಿಷಯ, ಆದರೆ ಇಡೀ ಕಥೆಯ ಕೀಲಿ ಇಲ್ಲಿದೆ. ಅಂಗಿ ಹೊಲಿಯಲು ಬಟ್ಟೆ ಬೇಕು. ಬಾಂಗ್ಲಾದಲ್ಲಿ ರಫ್ತಿಗೆ ತಕ್ಕ ಬಟ್ಟೆ ಇರಲಿಲ್ಲ, ತರಿಸಲು ಡಾಲರ್ ಇರಲಿಲ್ಲ, ತರಿಸಿದರೆ ಭಾರಿ ಸುಂಕ. ಎರಡು ಕಾಗದಗಳು ಈ ಗಂಟನ್ನು ಬಿಡಿಸಿದವು. ಒಂದು, ಬ್ಯಾಕ್ ಟು ಬ್ಯಾಕ್ ಎಲ್.ಸಿ. ನ್ಯೂಯಾರ್ಕಿನ ಗಿರಾಕಿ ಅಂಗಿಗಾಗಿ ಒಂದು ಎಲ್.ಸಿ. ತೆರೆಯುತ್ತಾನೆ. ಅದನ್ನೇ ಆಧಾರವಾಗಿ ಇಟ್ಟುಕೊಂಡು ಚಿತ್ತಗಾಂಗಿನ ಬ್ಯಾಂಕು ಬಟ್ಟೆ ಮಾರುವವನ ಹೆಸರಿಗೆ ಇನ್ನೊಂದು ತೆರೆಯುತ್ತದೆ. ಅಂಗಿಯ ದುಡ್ಡು ಬಂದಾಗ ಬಟ್ಟೆಯ ದುಡ್ಡು ಅದರಲ್ಲೇ ತೀರುತ್ತದೆ. ಕೈಯಲ್ಲಿ ಬಂಡವಾಳ ಇಲ್ಲದವನೂ ವ್ಯಾಪಾರಕ್ಕೆ ಇಳಿಯಬಹುದು. ಇನ್ನೊಂದು, ಬಾಂಡೆಡ್ ಗೋದಾಮು. ಹಡಗಿನಿಂದ ಇಳಿದ ಬಟ್ಟೆ ಸುಂಕ ಕಟ್ಟದೆ ಕಸ್ಟಮ್ಸ್ ಬೀಗದೊಳಗೆ ಹೋಗುತ್ತದೆ. ಎಷ್ಟು ಗಜ ಒಳಗೆ, ಎಷ್ಟು ಅಂಗಿ ಹೊರಗೆ ಎಂದು ಲೆಕ್ಕ. ಖಾದರ್ ಅಧಿಕಾರಿಯಾಗಿದ್ದದ್ದು ಇಲ್ಲಿ ಉಪಯೋಗಕ್ಕೆ ಬಂತು. ಫೈಲು ಯಾವ ಮೇಜಿನಲ್ಲಿ ನಿಲ್ಲುತ್ತದೆ ಎಂದು ಗೊತ್ತಿದ್ದವರು. ಇಷ್ಟು ವರ್ಷ ಇಂಥ ಎಲ್.ಸಿ.ಗಳಿಗೆ ಸಹಿ ಹಾಕಿದ ನನಗೇ ಇದು ಒಂದು ದೇಶದ ಹಣೆಬರಹ ತಿದ್ದುವ ಕಾಗದ ಎಂದು ಎಂದೂ ಹೊಳೆದಿರಲಿಲ್ಲ.

ನಮ್ಮ ಕಡೆ ಏನಾಗುತ್ತಿತ್ತು? 1982ರ ಜನವರಿ 18ರಂದು ದತ್ತಾ ಸಾಮಂತರ ಕರೆಗೆ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆ ಮುಷ್ಕರ ಮುಗಿಯಿತು ಎಂದು ಯಾರೂ ವಿಧಿವತ್ತಾಗಿ ಸಾರಲೇ ಇಲ್ಲ. ಗಿರಣಿ ಸತ್ತದ್ದು ಇದರಿಂದಲೇ ಎನ್ನುವವರು ಈಗಲೂ ಇದ್ದಾರೆ. ಮಗ್ಗಗಳು ಅದಕ್ಕೂ ಮೊದಲೇ ಭಿವಂಡಿಯ ಪವರ್‌ಲೂಮುಗಳಿಗೆ ಸೋಲುತ್ತಿದ್ದವು ಎಂಬುದನ್ನು ಅವರು ಮರೆಯುತ್ತಾರೆ. ಆದರೆ ರಫ್ತಿನ ಲೆಕ್ಕದಲ್ಲಿ ನಮ್ಮ ದೊಡ್ಡ ತಪ್ಪು ಗಿರಣಿಯ ಗೇಟಿನಲ್ಲಿ ಆದದ್ದಲ್ಲ, ದೆಹಲಿಯ ಒಂದು ಪಟ್ಟಿಯಲ್ಲಿ ಆದದ್ದು. ಸಿದ್ಧ ಉಡುಪು ಸಣ್ಣ ಕೈಗಾರಿಕೆಗೆ ಮೀಸಲು ಎಂದು ಆ ಪಟ್ಟಿ ಹೇಳುತ್ತಿತ್ತು. ಉತ್ಪಾದನೆಯ ದೊಡ್ಡ ಪಾಲನ್ನು ರಫ್ತು ಮಾಡುತ್ತೇನೆಂದು ಬರೆದುಕೊಟ್ಟವರಿಗೆ ವಿನಾಯಿತಿ ಇತ್ತು ನಿಜ. ಉಳಿದವರು ದೊಡ್ಡವರಾದರೆ ತಪ್ಪು. ಹಾಗಾಗಿ ಬೆಳೆಯಬೇಕಾದವರು ಒಡೆದುಕೊಂಡರು. ಅಕ್ಕ ಸೇರಿದಾಗ ಅವರ ಗಾರ್ಮೆಂಟ್ಸ್ ಒಂದೇ ಕಾಂಪೌಂಡಿನಲ್ಲಿ ಮೂರು ಹೆಸರಿನ ಮೂರು ಶೆಡ್ಡಾಗಿತ್ತು. ಯಾಕೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಸಣ್ಣವರನ್ನು ಉಳಿಸಬೇಕೆಂಬ ಆಸೆ ಕೆಟ್ಟದ್ದಲ್ಲ. ಆದರೆ ಒಂದೇ ಬಣ್ಣದ, ಒಂದೇ ಅಳತೆಯ ಲಕ್ಷಾಂತರ ಅಂಗಿಯನ್ನು ಹೇಳಿದ ದಿನ ಹಡಗಿಗೆ ಹಾಕು ಎನ್ನುವ ಗಿರಾಕಿಗೆ ಐವತ್ತು ಮಿಷನ್ನಿನ ಶೆಡ್ಡು ಏನು ಹೇಳೀತು? 2000ದ ಜವಳಿ ನೀತಿಯಲ್ಲಿ ನೇಯ್ದ ಬಟ್ಟೆಯ ಉಡುಪುಗಳನ್ನು ಆ ಪಟ್ಟಿಯಿಂದ ತೆಗೆದರು. ಬನಿಯನ್, ಟೀಶರ್ಟಿನಂಥವು ಇನ್ನೂ ಕೆಲವು ವರ್ಷ ಕಾದವು. 2005ರ ಜನವರಿ 1ಕ್ಕೆ ಜಗತ್ತಿನ ಕೋಟಾ ವ್ಯವಸ್ಥೆಯೇ ಮುಗಿಯಿತು. ಆಗ ಬಾಂಗ್ಲಾ ಮುಳುಗುತ್ತದೆ ಎಂದು ಬಹಳ ಜನ ನುಡಿದಿದ್ದರು. ಮುಳುಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಅಲ್ಲಿ ಇಪ್ಪತ್ತೈದು ವರ್ಷದ ಕೈಪಳಗು ಇತ್ತು. ಜೊತೆಗೆ ಅತಿ ಹಿಂದುಳಿದ ದೇಶವೆಂಬ ನೆಲೆಯಲ್ಲಿ 2001ರಿಂದ ಯುರೋಪಿನಲ್ಲಿ ಸುಂಕ ವಿನಾಯಿತಿ. 2011ರಲ್ಲಿ ನಿಯಮ ಸಡಿಲವಾಗಿ ಹೊರಗಿನ ಬಟ್ಟೆಯಲ್ಲಿ ಹೊಲಿದ ಅಂಗಿಗೂ ಅದು ಸಿಕ್ಕಿತು. ನಮ್ಮ ಅಂಗಿ ಅಲ್ಲಿ ಸುಮಾರು ಶೇ. 10 ಸುಂಕ ಕಟ್ಟುತ್ತಿತ್ತು. ಪೈಸೆ ಲೆಕ್ಕದ ವ್ಯಾಪಾರದಲ್ಲಿ ಅದು ಬೆಟ್ಟ.

ಇಷ್ಟನ್ನೆಲ್ಲ ಓದಿ ಬಾಂಗ್ಲಾದ ಬಗ್ಗೆ ಮೆಚ್ಚುಗೆ ಬೆಳೆಸಿಕೊಂಡಿದ್ದೆ. 2013ರ ಏಪ್ರಿಲ್ 24ರಂದು ಢಾಕಾದ ಹೊರವಲಯದ ಸಾವಾರ್‌ನಲ್ಲಿ ರಾಣಾ ಪ್ಲಾಜಾ ಕುಸಿಯಿತು. ಸತ್ತವರು ಸಾವಿರದ ನೂರಕ್ಕೂ ಹೆಚ್ಚು, ಬಹುಪಾಲು ಹೆಂಗಸರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಆ ಕಟ್ಟಡದಲ್ಲಿ ಒಂದು ಬ್ಯಾಂಕಿನ ಶಾಖೆಯೂ ಇತ್ತು. ಬಿರುಕು ಕಂಡ ಮೇಲೆ ಬ್ಯಾಂಕಿನವರು ತಮ್ಮ ಸಿಬ್ಬಂದಿಯನ್ನು ಕಟ್ಟಡದಿಂದ ದೂರ ಇಟ್ಟರು. ಮೇಲಿನ ಮಹಡಿಗಳ ಗಾರ್ಮೆಂಟ್ಸ್‌ಗಳು ಮಾತ್ರ ಬೆಳಿಗ್ಗೆ ಕೆಲಸ ಶುರುಮಾಡಿದವು. ಹಡಗಿನ ತಾರೀಕು ಹತ್ತಿರ ಬಂದರೆ ಲೈನ್ ನಿಲ್ಲಿಸುವುದು ಎಷ್ಟು ಕಷ್ಟ ಎಂದು ಎಲ್.ಸಿ. ನೋಡುವ ನನಗೆ ಗೊತ್ತು. ತಡವಾದರೆ ನಾವೇ ಕಾಗದ ತಿರಸ್ಕರಿಸುತ್ತೇವೆ. ಆ ಸುದ್ದಿ ಓದಿದ ದಿನ ನಾನು ಬ್ಯಾಂಕಿನವರ ಜಾಗದಲ್ಲಿ ನಿಂತು ನೋಡಿದೆ, ಅಕ್ಕನ ಜಾಗದಲ್ಲೂ ನಿಂತು ನೋಡಿದೆ. ಅಲ್ಲಿನ ಕನಿಷ್ಠ ಕೂಲಿ ಆಗ ತಿಂಗಳಿಗೆ 3,000 ಟಾಕಾ. ಆ ವರ್ಷದ ಕೊನೆಗೆ 5,300ಕ್ಕೆ ಏರಿಸಿದರು. ಆರ್ಡರು ಓಡಿಹೋಗಲಿಲ್ಲ. ಕೂಲಿ ಒಂದೇ ಕಾರಣವಾಗಿದ್ದರೆ ಹೋಗಬೇಕಿತ್ತು.

ಒಂದು ಆತಂಕ ಉಳಿದೇ ಇದೆ. ಬಾಂಗ್ಲಾದ ರಫ್ತಿನಲ್ಲಿ ಇಂದಿಗೂ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಉಡುಪೇ. ಕೊರಿಯಾ ಅಂಗಿಯಿಂದ ಹಡಗಿಗೆ, ಕಾರಿಗೆ ಹೋಯಿತು. ಬಾಂಗ್ಲಾ ಅಂಗಿಯಿಂದ ಇನ್ನಷ್ಟು ಅಂಗಿಗೆ ಹೋಗಿದೆ. ಸೆಣಬಿನ ಮೇಲೆ ಕೂತಿದ್ದವರು ಈಗ ಹತ್ತಿಯ ಮೇಲೆ ಕೂತಿದ್ದಾರೆ.

ಅಕ್ಕ ಈಗ ಮದ್ದೂರಿನಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಹೋದ ಬಾರಿ ಊರಿಗೆ ಹೋದಾಗ ಹಳೆಯ ಬಾಕಿ ತೀರಿಸುವಂತೆ ಈ ಕಥೆಯನ್ನೆಲ್ಲ ಹೇಳಿದೆ. ಕೋಟಾ, ಎಲ್.ಸಿ. ಎಲ್ಲ ಹ್ಞೂಂಗುಟ್ಟಿ ಕೇಳಿದಳು. ಪೂಸಾನಿನ ಮಾತು ಬಂದಾಗ ಮಿಷನ್ ನಿಲ್ಲಿಸಿದಳು.

"ಅವ್ರಿಗೆ ಭಾಷೆ ಬರ್ತಿತ್ತಾ?"

"ಎಲ್ಲಿ ಬರ್ಬೇಕು ಅಕ್ಕ, ಬಂಗಾಳಿಗಳಿಗೆ ಕೊರಿಯನ್ನು?"

"ನಂಗೂ ಕಾಲರ್ ಕೂರ್ಸೋದು ಹೇಳ್ಕೊಟ್ಟಿದ್ದು ಪಕ್ಕದ ಮಿಷನ್ನಿನ ತಮಿಳ್ನೋಳು ಕಣೋ. ಒಂದಕ್ಷರ ಕನ್ನಡ ಬರ್ತಿರ್ಲಿಲ್ಲ ಅವ್ಳಿಗೆ. ತಪ್ಪಾದ್ರೆ ನನ್ ಕೈ ಹಿಡ್ಕೊಂಡೇ ತಿರುಗ್ಸೋಳು" ಎಂದು ಬಲಗೈಯನ್ನು ಗಾಳಿಯಲ್ಲಿ ಅರ್ಧಚಂದ್ರದ ಹಾಗೆ ತಿರುಗಿಸಿ ತೋರಿಸಿದಳು.