ಅನ್ಯಲೋಕದವರ ನಡುವೆ ನಾವು

1898ರಲ್ಲಿ ಪುಸ್ತಕವಾಗಿ ಬಂದ ಎಚ್.ಜಿ. ವೆಲ್ಸ್ ಅವರ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿಯಲ್ಲಿ ಮಂಗಳ ಗ್ರಹದವರು ಇಂಗ್ಲೆಂಡಿನ ವೋಕಿಂಗ್ ಊರಿನ ಪಕ್ಕದ ಬಯಲಿಗೆ ಬಂದಿಳಿಯುತ್ತಾರೆ. ಸಾಮ್ರಾಜ್ಯ ಆಳಿದವರೇ ಇಲ್ಲಿ ದಿಕ್ಕೆಟ್ಟು ಓಡುತ್ತಾರೆ. ಮಂಗಳದವರನ್ನು ಜರೆಯುವ ಮುನ್ನ, ಯೂರೋಪಿನ ವಲಸಿಗರು ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ಮಾಡಿದ್ದನ್ನು ನೆನೆಯಿರಿ ಎಂದು ವೆಲ್ಸ್ ಮೊದಲ ಅಧ್ಯಾಯದಲ್ಲೇ ಎಚ್ಚರಿಸುತ್ತಾರೆ. ಆ ಕಥೆಯ ಭಯಕ್ಕೆ ಬೇರು ಭೂಮಿಯ ಚರಿತ್ರೆಯಲ್ಲೇ ಇದೆ.

ಭಯ ಮೀರಿ ಕೈಚಾಚಿದ್ದೂ ಉಂಟು. 1977ರಲ್ಲಿ ಹೊರಟ ಎರಡು ವಾಯೇಜರ್ ನೌಕೆಗಳಲ್ಲಿರುವ ಧ್ವನಿಮುದ್ರಿಕೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ; ಅವುಗಳಲ್ಲಿ ನಮ್ಮ ಕನ್ನಡವೂ ಒಂದು.

ನಮಸ್ಕಾರವೇನೋ ಹೇಳಿದ್ದಾಯಿತು. ಆಮೇಲೆ ಒಟ್ಟಿಗೆ ಬಾಳುವುದು ಹೇಗೆ? ಅಮೆರಿಕದ ಕಪ್ಪು ಲೇಖಕಿ ಆಕ್ಟೇವಿಯಾ ಬಟ್ಲರ್ 1987ರ 'ಡಾನ್' ಕಾದಂಬರಿಯಲ್ಲಿ ಇದನ್ನೇ ಕೇಳಿದರು. ಅಣುಯುದ್ಧದಲ್ಲಿ ಭೂಮಿ ಹಾಳಾಗಿ ಸುಮಾರು 250 ವರ್ಷಗಳ ಬಳಿಕ ಲಿಲಿತ್ ಎಂಬಾಕೆ ಅನ್ಯಜೀವಿಗಳ ನೌಕೆಯಲ್ಲಿ ಎಚ್ಚರಗೊಳ್ಳುತ್ತಾಳೆ. ಅವರು ಅವಳ ಜೀವ ಉಳಿಸಿದ್ದಾರೆ, ಕಾಯಿಲೆ ವಾಸಿಮಾಡಿದ್ದಾರೆ. ಪ್ರತಿಯಾಗಿ ಬೇಕಾದದ್ದು ಮನುಷ್ಯರ ವಂಶವಾಹಿ: ಮುಂದೆ ಹುಟ್ಟುವ ಮಕ್ಕಳು ಎರಡೂ ಕುಲಕ್ಕೆ ಸೇರಿದವರು. ಬೇಡವೆನ್ನುವ ಅವಕಾಶ ಆಕೆಗಿಲ್ಲ.

ಹೊರನಾಡಿನ ನಾವು ಲಿಲಿತ್ ಅಲ್ಲ. ನಾವಾಗಿಯೇ ವಿಮಾನ ಹತ್ತಿದವರು. ಆದರೂ ಮಕ್ಕಳು ನಮ್ಮಂತಿಲ್ಲವೆಂದು ಕೊರಗುವ ನಮಗೆ ಬಟ್ಲರ್ ಒಂದು ವ್ಯತ್ಯಾಸ ತೋರಿಸುತ್ತಾರೆ. ಬೆರೆತರೆ ಕುಲ ಕೆಡುವುದಿಲ್ಲ. ಒಪ್ಪಿಗೆ ಕೇಳದೆ ಬೆರೆಸಿದರೆ ಅದು ಅನ್ಯಾಯ. ಟಾಸ್ಮೇನಿಯಾದವರನ್ನಂತೂ ಯಾರೂ ಏನನ್ನೂ ಕೇಳಲಿಲ್ಲ. ಮುಂದೊಂದು ದಿನ ಬೇರೆ ಲೋಕದ ಬಾಗಿಲು ತಟ್ಟುವವರು ನಾವೇ ಆದರೆ, ಮೊದಲು ಕೇಳಬೇಕಾದದ್ದು ಆ ಒಪ್ಪಿಗೆಯನ್ನೇ.