ನಿಕೊಲಿಚ್–ಆರ್ಸೊವಿಚ್ ಚದುರಂಗ ಪಂದ್ಯ (1989)

ನಿಕೊಲಿಚ್–ಆರ್ಸೊವಿಚ್ ಪಂದ್ಯವು 1989ರಲ್ಲಿ ಅಂದಿನ ಯುಗೊಸ್ಲಾವಿಯದ ರಾಜಧಾನಿ ಬೆಲ್‌ಗ್ರೇಡ್‌ನಲ್ಲಿ ಇವಾನ್ ನಿಕೊಲಿಚ್ (ಬಿಳಿ) ಮತ್ತು ಗೊರಾನ್ ಆರ್ಸೊವಿಚ್ (ಕಪ್ಪು) ಇವರ ನಡುವೆ ನಡೆದ ಚದುರಂಗದ ಆಟ. 269 ನಡೆಗಳ ತರುವಾಯ ಇದು ಡ್ರಾ ಆಯಿತು. ಆಡಲು ತಗುಲಿದ ಕಾಲ 20 ಗಂಟೆ 15 ನಿಮಿಷ. ಪಂದ್ಯಾವಳಿಯ ಆಟಗಳ ಪೈಕಿ ನಡೆಗಳ ಸಂಖ್ಯೆಯಲ್ಲಿ ಅತಿ ದೀರ್ಘವಾದುದು ಇದೇ ಎಂದು ಪರಿಗಣಿತವಾಗಿದೆ. ಬಿಳಿಯ ಒಂದು ಚಲನೆ ಹಾಗೂ ಅದಕ್ಕೆ ಕಪ್ಪಿನ ಉತ್ತರ ಸೇರಿ ಒಂದು ನಡೆಯಾಗುವುದರಿಂದ, ಹಲಗೆಯ ಮೇಲೆ ಕಾಯಿಗಳು ಐದುನೂರಕ್ಕೂ ಹೆಚ್ಚು ಸಲ ಸರಿದುವು.

ಬಿಳಿಯು ರಾಣಿಯ ಮುಂದಿನ ಪದಾತಿಯನ್ನು ಎರಡು ಮನೆ ನಡೆಸಿ (ಡಿ4) ಆಟವನ್ನು ಆರಂಭಿಸಿತು. ಕಪ್ಪು ‘ಕಿಂಗ್ಸ್ ಇಂಡಿಯನ್ ಡಿಫೆನ್ಸ್’ ಎಂಬ ರಕ್ಷಣಾಕ್ರಮವನ್ನು ಆಯ್ದುಕೊಂಡಿತು. ಈ ಕ್ರಮದಲ್ಲಿ ಕಪ್ಪು ಹಲಗೆಯ ನಡುಭಾಗವನ್ನು ಮೊದಲು ಎದುರಾಳಿಗೆ ಬಿಟ್ಟು, ಒಂಟೆಯನ್ನು ಜಿ7 ಮನೆಯಲ್ಲಿ ನೆಲೆಗೊಳಿಸಿ, ಅನಂತರ ಅದೇ ನಡುಭಾಗದ ಮೇಲೆ ದಾಳಿಗಿಳಿಯುತ್ತದೆ. ಉಭಯರ ಪದಾತಿಗಳು ಮುಖಾಮುಖಿಯಾಗಿ ಸಿಕ್ಕಿಕೊಂಡರೆ ಆಟ ನಿಧಾನಗೊಳ್ಳುವುದು ಸಹಜ.

ಈ ಪಂದ್ಯದ ಪ್ರಸಿದ್ಧಿಗೆ ಆಟದ ಸೊಬಗಿಗಿಂತ ನಿಯಮವೇ ಹೆಚ್ಚಿನ ಕಾರಣ. ಪದಾತಿಯ ಚಲನೆಯಾಗಲಿ ಕಾಯಿಯ ಹೊಡೆತವಾಗಲಿ ಇಲ್ಲದೆ 50 ನಡೆಗಳು ಕಳೆದರೆ ಆಟಗಾರನು ಡ್ರಾ ಕೇಳಬಹುದೆಂಬುದು ಸಾಮಾನ್ಯ ನಿಯಮ. ಇಲ್ಲಿ ಕೊನೆಗೆ ರಾಜರಲ್ಲದೆ ಒಂದು ಪಕ್ಷಕ್ಕೆ ಆನೆ ಮತ್ತು ಒಂಟೆ, ಇನ್ನೊಂದಕ್ಕೆ ಆನೆ ಮಾತ್ರ ಉಳಿದುವು. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಫಿಲಿಡೋರ್ ವಿಶ್ಲೇಷಿಸಿದ ಅಂತ್ಯಾಟವಿದು. ತಪ್ಪಿಲ್ಲದೆ ರಕ್ಷಿಸಿಕೊಂಡರೆ ಸಾಮಾನ್ಯವಾಗಿ ಡ್ರಾ. ಆದರೆ ರಕ್ಷಣೆ ಬಲು ಕಷ್ಟ, ದಣಿದ ಆಟಗಾರನಿಗಂತೂ ಇನ್ನೂ ಕಷ್ಟ. ಗೆಲ್ಲಬಹುದಾದ ಕೆಲವು ಸ್ಥಿತಿಗಳಲ್ಲಿ 59 ನಡೆಗಳವರೆಗೂ ಬೇಕಾಗುವುದೆಂದು ಗಣಕಯಂತ್ರದ ಲೆಕ್ಕಾಚಾರ ತೋರಿಸಿತು. ಐವತ್ತರ ಮಿತಿಯನ್ನೇ ಹಿಡಿದರೆ ನ್ಯಾಯವಾಗಿ ದಕ್ಕಬೇಕಾದ ಗೆಲುವು ಕೈತಪ್ಪುವುದು. ಪಂದ್ಯದ ಕಾಲಕ್ಕೆ ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವು (ಫಿಡೆ) ಈ ಅಂತ್ಯಾಟಕ್ಕೆ ಮಿತಿಯನ್ನು 100 ನಡೆಗಳಿಗೆ ಏರಿಸಿತ್ತು. ಆ ಸಡಿಲಿಕೆಯಿಲ್ಲದಿದ್ದರೆ ಆಟ 269ನೆಯ ನಡೆಯವರೆಗೆ ಸಾಗುತ್ತಿರಲಿಲ್ಲ.

ಇತ್ತ ಸಡಿಲಿಕೆಯಿಂದ ಬೇರೊಂದು ತೊಡಕು ಹುಟ್ಟಿತು: ಗೆಲುವಿಲ್ಲದ ಸ್ಥಿತಿಯಲ್ಲಿಯೂ ಎದುರಾಳಿಯ ಬಳಲಿಕೆಯನ್ನು ನೆಚ್ಚಿ ಆಟವನ್ನು ಎಳೆಯಲು ಅವಕಾಶವಾಯಿತು. ಮುಂದೆ ಒಕ್ಕೂಟವು ಈ ವಿನಾಯಿತಿಗಳನ್ನು ಹಿಂತೆಗೆದುಕೊಂಡು ಎಲ್ಲ ಸ್ಥಿತಿಗಳಿಗೂ 50 ನಡೆಗಳ ಮಿತಿಯನ್ನೇ ಮರಳಿ ತಂದಿತು. 2014ರಿಂದ, ಯಾರೂ ಕೇಳದಿದ್ದರೂ 75 ನಡೆಗಳಿಗೆ ಆಟ ತಾನಾಗಿ ಡ್ರಾ ಆಗುತ್ತದೆ.

ಹೋಲಿಕೆಗೆ ಹೇಳುವುದಾದರೆ, ವಿಶ್ವ ಚಾಂಪಿಯನ್‌ಶಿಪ್‌ನ ಅತಿ ದೀರ್ಘ ಆಟ 2021ರಲ್ಲಿ ದುಬೈನಲ್ಲಿ ನಡೆದ ಕಾರ್ಲ್‌ಸನ್–ನೆಪೊಮ್‌ನಿಯಾಶಿ ಸರಣಿಯ ಆರನೆಯದು. ಅದೂ ರಾಣಿಯ ಪದಾತಿಯಿಂದಲೇ ಆರಂಭವಾಗಿ, 136 ನಡೆಗಳಲ್ಲಿ ಕಾರ್ಲ್‌ಸನ್ ಗೆಲುವಿನೊಂದಿಗೆ ಮುಗಿಯಿತು.